ರೇಸ್ ಸೈಕಲ್ಲಿನ ಜಾತಕ

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಗಯೋಲೆ ಎಂಬ ಪುಟ್ಟ ಊರಿದೆ. 1997ರಲ್ಲಿ ಅಲ್ಲಿ ‘ಎರೋಯಿಕಾ’ ಎಂಬ ಸೈಕಲ್ ಸವಾರಿ ಆರಂಭವಾಯಿತು. ಮಣ್ಣಿನ ಬಿಳಿ ರಸ್ತೆಗಳಲ್ಲಿ ಸಾಗುವ ಈ ಸವಾರಿಗೆ ಒಂದು ಕಟ್ಟಳೆಯಿದೆ. ಸೈಕಲ್ 1987ಕ್ಕಿಂತ ಹಿಂದಿನ ಬಗೆಯದಾಗಿರಬೇಕು. ಗಿಯರ್ ಲಿವರ್ ಚೌಕಟ್ಟಿನ ಓರೆ ಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲಿನ ಸುತ್ತುಪಟ್ಟಿಯೊಳಗೆ ಅಡಗದೆ ಹೊರಗೆ ಕಮಾನಿನಂತೆ ಬಾಗಿರಬೇಕು.

ಈ ಗಡಿಗೆ ಅರ್ಥವಿದೆ. ಪ್ರತಿ ಗಿಯರಿಗೂ ‘ಟಕ್’ ಎಂದು ತಾನೇ ಕೂರುವ ಲಿವರನ್ನು ಜಪಾನಿನ ಶಿಮಾನೊ 1984ರಲ್ಲಿ ತಂದಿತು. ಮರುವರ್ಷ ಬರ್ನಾರ್ಡ್ ಹಿನೋ ಪಾದಕ್ಕೆ ಪಟ್ಟಿ ಬಿಗಿಯಬೇಕಿಲ್ಲದ ಹೊಸ ಬಗೆಯ ಪೆಡಲಿನಿಂದ ಟೂರ್ ದ ಫ್ರಾನ್ಸ್ ಗೆದ್ದರು. ಆ ಹೊತ್ತಿಗೆ ಒಂದು ಯುಗ ಮುಗಿಯುತ್ತ ಬಂದಿತ್ತು.

ಆ ಯುಗದ ಸೈಕಲ್ಲುಗಳಿಗೆ ಈಗ ಬೇಡಿಕೆಯಿದೆ. ಬೇಡಿಕೆಯಿರುವಲ್ಲಿ ಮೋಸವೂ ಇರುತ್ತದೆ. ಹೊಸ ಬಣ್ಣ ಬಳಿದು, ದೊಡ್ಡ ಹೆಸರಿನ ಚೀಟಿ ಅಂಟಿಸಿದರೆ ಸಾಮಾನ್ಯ ಸೈಕಲ್ ಕೂಡ ರಾಜವಂಶದ್ದೆಂದು ನಂಬಿಸಬಹುದು. ಕೊಳ್ಳುವವನಿಗೆ ಸತ್ಯ ಹೇಳುವುದು ಚೀಟಿಯಲ್ಲ, ಉಕ್ಕು.

ಉತ್ತಮ ರೇಸ್ ಸೈಕಲ್ಲಿನ ಜೀವ ಅದರ ಕೊಳವೆಯಲ್ಲಿದೆ. ತುದಿಗಳಲ್ಲಿ ದಪ್ಪ, ನಡುವೆ ತೆಳುವಾಗಿರುವ ಕೊಳವೆಗೆ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಪೇಟೆಂಟ್ ಪಡೆದರು. ಬೆಸುಗೆಯ ಕಾವು ತಾಗುವಲ್ಲಿ ದಪ್ಪವಿದ್ದರೆ ಸಾಕು, ಉಳಿದೆಡೆ ಭಾರವೇಕೆ ಎಂಬುದು ಇದರ ತರ್ಕ. 1935ರಲ್ಲಿ ಬಂದ ಅದೇ ಸಂಸ್ಥೆಯ ‘531’ ಉಕ್ಕು ಹಲವು ದಶಕ ರೇಸಿನ ಲೋಕವನ್ನಾಳಿತು.

ಚೀಟಿಯ ಮೇಲೆ ‘531’ ಎಂದಿದ್ದರೆ ಸಾಲದು. ಸೀಟಿನ ಕಂಬವನ್ನು ಹೊರತೆಗೆದು ಅಳೆಯಬೇಕು. 28.6 ಮಿಲಿಮೀಟರ್ ಹೊರವ್ಯಾಸದ ಕೊಳವೆಯೊಳಗೆ 27.2ರ ಕಂಬ ಸರಿಯಾಗಿ ಕೂರುತ್ತಿದ್ದರೆ ಕೊಳವೆ ತೆಳು, ಅಂದರೆ ಒಳ್ಳೆಯ ಜಾತಿಯದು. 25.4ರ ಕಂಬವಷ್ಟೇ ಹಿಡಿಸಿದರೆ ಅದು ದಪ್ಪ ಗೋಡೆಯ ಅಗ್ಗದ ಕೊಳವೆ. ಕಂಬ ಅಲುಗದಿದ್ದರೆ ಇನ್ನೊಂದು ತೊಂದರೆ: ಉಕ್ಕಿನೊಳಗೆ ಅಲ್ಯೂಮಿನಿಯಂ ವರ್ಷಗಟ್ಟಲೆ ಕೂತು ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಬಿಡಿಸುವ ಖರ್ಚು ಸೈಕಲ್ಲಿನ ಬೆಲೆಯನ್ನೇ ಮೀರಬಹುದು.

ಸೈಕಲ್ಲಿಗೆ ದೇಶವೂ ಉಂಟು. ಪೆಡಲಿನ ಅಚ್ಚು ಕೂರುವ ಅಡ್ಡ ಕೊಳವೆಯ ಥ್ರೆಡ್ ಅದನ್ನು ಹೇಳುತ್ತದೆ. ಇಂಗ್ಲಿಷ್ ಅಳತೆಯಲ್ಲಿ ವ್ಯಾಸ 1.37 ಇಂಚು, ಬಲಬದಿಯ ಬಟ್ಟಲು ಎಡಮುರಿ. ಇಟಲಿಯದು 36 ಮಿಲಿಮೀಟರ್, ಫ್ರಾನ್ಸಿನದು 35. ಇವೆರಡರಲ್ಲೂ ಎರಡು ಬದಿಯೂ ಬಲಮುರಿ. ಇದನ್ನರಿಯದೆ ಬಲವಂತವಾಗಿ ತಿರುಗಿಸಿ ಥ್ರೆಡ್ ಕೆಡಿಸಿದವರುಂಟು. 1980ರ ದಶಕದಲ್ಲಿ ಫ್ರೆಂಚ್ ತಯಾರಕರೂ ತಮ್ಮ ಅಳತೆಯನ್ನು ಕೈಬಿಟ್ಟರು. ಹೀಗಾಗಿ ಹಳೆಯ ಫ್ರೆಂಚ್ ಸೈಕಲ್ ನೋಡಲು ಎಷ್ಟೇ ಚೆಂದವಿರಲಿ, ಸವೆದ ಬಟ್ಟಲಿಗೆ ಬದಲಿ ಸುಲಭವಾಗಿ ಸಿಗದು.

ಗಿಯರು ಕಾಲವನ್ನು ಹೇಳುತ್ತದೆ. ಟೂರ್ ದ ಫ್ರಾನ್ಸ್ 1903ರಲ್ಲಿ ಆರಂಭವಾದರೂ, ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಗುಡ್ಡ ಬಂದರೆ ಇಳಿದು ಹಿಂದಿನ ಚಕ್ರವನ್ನೇ ಬಿಚ್ಚಿ ತಿರುಗಿಸಿ ಹಾಕಬೇಕಿತ್ತು. ಹಿಂಚಕ್ರ ಕೂರುವ ಜಾಗದ ಅಗಲವೂ ಒಂದು ಸಾಕ್ಷಿ: ಐದು ಹಲ್ಲುಗಾಲಿಯ ಕಾಲದಲ್ಲಿ 120 ಮಿಲಿಮೀಟರ್, ಆರು-ಏಳು ಬಂದಾಗ 126, ಎಂಟಕ್ಕೆ 130. ಭಾಗಗಳ ವಯಸ್ಸು ಚೌಕಟ್ಟಿಗೆ ಹೊಂದದಿದ್ದರೆ ಅದು ಮೋಸವೇ ಆಗಬೇಕಿಲ್ಲ; ಹಳೆಯ ಸವಾರ ಬಳಸಿ, ಸವೆದದ್ದನ್ನು ಬದಲಿಸಿರಬಹುದು. ಆದರೆ ‘ಎಲ್ಲವೂ ಮೂಲದ್ದೇ’ ಎಂದು ಮಾರುವವನ ಮಾತಿಗೆ ಬೆಲೆ ಕೊಡುವಂತಿಲ್ಲ.

ಕೊನೆಯ ಪರೀಕ್ಷೆ ಹಣದ್ದಲ್ಲ, ಪ್ರಾಣದ್ದು. ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವಲ್ಲಿ ಅಡಿಭಾಗವನ್ನು ಬೆರಳಿನಿಂದ ಸವರಬೇಕು. ಅಲ್ಲಿ ಉಬ್ಬೋ ಸುಕ್ಕೋ ಸಿಕ್ಕರೆ ಸೈಕಲ್ ಎದುರಿಗೆ ಯಾವುದಕ್ಕೋ ಗುದ್ದಿದೆ ಎಂದರ್ಥ. ಬಣ್ಣ ಇದನ್ನು ಕಣ್ಣಿಗೆ ಮರೆಮಾಡೀತು, ಬೆರಳಿಗಲ್ಲ. ಹಿಂಚಕ್ರ ಕೂರುವ ಒಂದು ಕಚ್ಚಿನಿಂದ ದಾರ ಹಿಡಿದು, ಮುಂದಿನ ಗಿಡ್ಡ ಕೊಳವೆಯನ್ನು ಬಳಸಿ ಇನ್ನೊಂದು ಕಚ್ಚಿಗೆ ಕಟ್ಟಬೇಕು. ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡೂ ಬದಿ ಸಮನಿದ್ದರೆ ಹಿಂಬದಿ ನೆಟ್ಟಗಿದೆ. ಹ್ಯಾಂಡಲಿನ ಪಟ್ಟಿಯನ್ನೂ ಬಿಚ್ಚಿ ನೋಡಬೇಕು. ಬೆವರಿನ ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ಉಕ್ಕು ಬಹುತೇಕ ಬಾಗಿ ಎಚ್ಚರಿಸುತ್ತದೆ, ದಣಿದ ಅಲ್ಯೂಮಿನಿಯಂ ಹೇಳದೆ ಮುರಿಯುತ್ತದೆ.

ಇಷ್ಟು ಪರೀಕ್ಷೆಗೆ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ವರ್ನಿಯರ್, ಒಂದು ಎಳೆ ದಾರ ಮತ್ತು ಅರ್ಧ ಗಂಟೆಯ ತಾಳ್ಮೆ. ಬಣ್ಣ ಉದುರಿದ, ಗೀರು ಬಿದ್ದ ಸೈಕಲ್ ಇವೆಲ್ಲವನ್ನೂ ದಾಟಿ ಬಂದರೆ, ಫಳಫಳಿಸುವ ಸುಳ್ಳಿಗಿಂತ ಅದೇ ಮೇಲು.