ಶಿವಮೊಗ್ಗೆಯ ದಸರಾ ಮೆರವಣಿಗೆ: ಒಂದು ಐತಿಹಾಸಿಕ ಅವಲೋಕನ

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಸುಮಾರು 14 ಕಿಲೋಮೀಟರುಗಳಷ್ಟು ಸಾಗಿದರೆ, ಗಾಜನೂರು ಅಣೆಕಟ್ಟೆಯಿಂದ ಹಿಂದೆ ಸರಿದು ನಿಂತ ತುಂಗೆಯ ದಡದಲ್ಲಿ ಸಕ್ರೆಬೈಲು ಎಂಬ ಊರು ಸಿಗುತ್ತದೆ. ಅರಣ್ಯ ಇಲಾಖೆಯ ಆನೆ ಬಿಡಾರವಿರುವುದು ಇಲ್ಲಿಯೇ. ರಾತ್ರಿಯೆಲ್ಲ ಕಾಡಿನಲ್ಲಿ ಮೇದ ಆನೆಗಳನ್ನು ಮಾವುತರೂ ಕಾವಾಡಿಗಳೂ ಬೆಳಿಗ್ಗೆ ಸರಪಳಿಯ ಜಾಡು ಹಿಡಿದು ಹುಡುಕಿ ತಂದು, ಹೊಳೆಯಲ್ಲಿ ಮಲಗಿಸಿ ಮೈ ತಿಕ್ಕಿ, ಭತ್ತ ಬೆಲ್ಲಗಳನ್ನು ಹುಲ್ಲಿನಲ್ಲಿ ಸುತ್ತಿದ ಕುಸುರೆಯನ್ನು ಬಾಯಿಗಿಟ್ಟು ಮತ್ತೆ ಕಾಡಿಗೆ ಬಿಡುತ್ತಾರೆ. ವರ್ಷದ ಉಳಿದೆಲ್ಲ ದಿನಗಳಲ್ಲಿ ಕಾಡಿಗೆ ಸೇರಿದ ಈ ಜೀವಗಳಲ್ಲಿ ಕೆಲವು, ಆಶ್ವಯುಜ ಮಾಸದ ನಾಲ್ಕಾರು ದಿನಗಳ ಮಟ್ಟಿಗೆ ಪಟ್ಟಣಕ್ಕೆ ಸೇರುತ್ತವೆ. ಶಿವಮೊಗ್ಗೆಯ ದಸರಾ ಮೆರವಣಿಗೆಯಲ್ಲಿ ನಾಡದೇವಿಯ ಅಂಬಾರಿಯನ್ನು ಹೊರುವುದು ಸಕ್ರೆಬೈಲಿನ ಆನೆಯೇ. ಈ ಉತ್ಸವವು ಎಲ್ಲಿಂದ ಬಂದಿತು, ಬರುವ ದಾರಿಯಲ್ಲಿ ಏನನ್ನು ಬಿಟ್ಟಿತು, ಏನನ್ನು ಉಳಿಸಿಕೊಂಡಿತು ಎಂಬುದನ್ನು ಸಮಾಜ ಬಾಂಧವರ ಮುಂದಿಡುವುದು ಈ ಕಿರುಲೇಖನದ ಉದ್ದೇಶವಾಗಿದೆ.

ದಸರೆಯ ಹಿಂದಿನ ಹೆಸರು ಮಹಾನವಮಿ. ಮಳೆಗಾಲ ಮುಗಿದು, ಹೊಳೆಗಳು ಇಳಿದು, ದಂಡು ನಡೆಯಲು ದಾರಿಯಾಗುವ ಕಾಲವದು. ಆದುದರಿಂದ ಅದು ಮೊದಲಿನಿಂದಲೂ ಅರಸರ ಹಬ್ಬ, ಆಯುಧಗಳ ಹಬ್ಬ. ಹಂಪೆಯಲ್ಲಿ ಇಂದಿಗೂ ನಿಂತಿರುವ ಮಹಾನವಮಿ ದಿಬ್ಬವು ಇದಕ್ಕೆ ಸಾಕ್ಷಿ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿ ನೆರೆದ ಅಲಂಕೃತ ಗಜಸಮೂಹವನ್ನು ಕಂಡು ಬೆರಗಾದನು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಕಾಲದ ಒಂಬತ್ತು ದಿನಗಳ ವೈಭವವನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ನರ್ತನ, ಕುಸ್ತಿ, ಪಂಜಿನ ಬೆಳಕು, ಕುದುರೆಗಳ ಸಾಲು ಇವೆಲ್ಲವೂ ಅವನ ಬರಹದಲ್ಲಿವೆ. ಇವುಗಳ ನಡುವೆಯೇ ಇನ್ನೊಂದು ಲೆಕ್ಕವೂ ಇದೆ. ಕಡೆಯ ದಿನ 250 ಕೋಣಗಳನ್ನೂ 4,500 ಕುರಿಗಳನ್ನೂ ಬಲಿಕೊಡಲಾಯಿತೆಂದು ಅವನು ಹೇಳುತ್ತಾನೆ. ಹಂಪೆಯ ವೈಭವವನ್ನು ಕೊಂಡಾಡುವ ನಮ್ಮ ಉಪನ್ಯಾಸಕಾರರು ಈ ಸಾಲನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ದಾಟಿಹೋಗಬಾರದೆಂದು ನನ್ನ ಅಭಿಪ್ರಾಯ.

1565ರ ತರುವಾಯ ವಿಜಯನಗರದ ಸಂಪ್ರದಾಯಗಳು ಅದರ ಸಾಮಂತರ ಮನೆಗಳಲ್ಲಿ ಮುಂದುವರಿದವು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದುದು ಎಲ್ಲರಿಗೂ ತಿಳಿದ ವಿಷಯ. ನಮ್ಮ ಮಲೆನಾಡಿನಲ್ಲಿ ಅದೇ ಪರಂಪರೆಯ ವಾರಸುದಾರರಾಗಿ ನಿಂತವರು ಕೆಳದಿಯ ನಾಯಕರು. ಶಿಸ್ತಿನ ಶಿವಪ್ಪನಾಯಕನ (1645–1660) ಹೆಸರು ಹೊತ್ತ ಅರಮನೆ ಶಿವಮೊಗ್ಗೆಯ ಕೋಟೆ ಪ್ರದೇಶದಲ್ಲಿದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡ ಮೇಲೆ ಇಲ್ಲಿ ಅರಸರೆಂಬುವರಿರಲಿಲ್ಲ. ಮೈಸೂರಿನಲ್ಲಿಯಾದರೋ 1971ರಲ್ಲಿ ರಾಜಧನ ರದ್ದಾಗುವವರೆಗೆ ಅಂಬಾರಿಯಲ್ಲಿ ಮಹಾರಾಜರು ಕುಳಿತು ಬರುತ್ತಿದ್ದರು. ಆಮೇಲೆ ಆ ಸ್ಥಾನ ಚಾಮುಂಡೇಶ್ವರಿಗೆ ಸಂದಿತು. ಶಿವಮೊಗ್ಗೆಯಲ್ಲಿ ಹಾಗೆ ಕೆಳಗಿಳಿಸಬೇಕಾದ ಅರಸರೇ ಇರಲಿಲ್ಲ. ಇಲ್ಲಿಯ ದಸರೆ ನಗರಾಡಳಿತದ ಹೊಣೆಯಲ್ಲಿ ನಡೆಯುವ ಊರವರ ಹಬ್ಬ. ಅರಸುತನದ ಕುರುಹಾಗಿ ಉಳಿದಿರುವುದು ಮೆರವಣಿಗೆ ಹೊರಡುವ ಆ ಅರಮನೆಯ ಅಂಗಳವೊಂದೇ.

ಇಲ್ಲಿ ಸ್ವಲ್ಪ ನಿಂತು, ಬೀದಿ ಯಾರದು ಎಂಬ ಪ್ರಶ್ನೆಯನ್ನು ನೋಡಬೇಕು. ಇಂದು ಮಂಗಳವಾದ್ಯದೊಡನೆ ದೇವರು ಬೀದಿಗೆ ಬರುವುದನ್ನು ನಾವು ಸಹಜವೆಂದು ಭಾವಿಸುತ್ತೇವೆ. ಹಿಂದೆ ಅದು ಒಂದು ಹಕ್ಕು. ಕೇಳಿ ಪಡೆಯಬೇಕಾದ ಹಕ್ಕು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಬುಕ್ಕರಾಯನ 1368ರ ಶಾಸನವನ್ನು ವಾಚಕರು ಬಲ್ಲರು. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವುಂಟಾಗಿ, ಆನೆಗೊಂದಿ, ಪೆನುಗೊಂಡೆ ಮೊದಲಾದ ನಾಡುಗಳ ಭವ್ಯಜನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಈ ಭಾಗವನ್ನು ಎಲ್ಲ ಭಾಷಣಗಳಲ್ಲಿಯೂ ಕೇಳುತ್ತೇವೆ. ಆದರೆ ಅದೇ ಶಾಸನದಲ್ಲಿ ಜೈನದರ್ಶನಕ್ಕೆ ಮುಂಚಿನಂತೆಯೇ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕವೆಂದು ಹೇಳಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಬಸದಿಯ ಒಳಗಿನ ಪೂಜೆಯ ಜೊತೆಗೆ ಬಸದಿಯ ಹೊರಗಿನ ನಾದಕ್ಕೂ ಅಲ್ಲಿ ಸ್ಥಾನವಿತ್ತು. ಮಹಾನವಮಿಯನ್ನು ಅಷ್ಟು ವಿಜೃಂಭಣೆಯಿಂದ ಆಚರಿಸಿದ ರಾಜ್ಯವೇ ಇತರರ ಮೆರವಣಿಗೆಯ ಹಕ್ಕನ್ನು ಕಲ್ಲಿನಲ್ಲಿ ಬರೆಸಿತೆಂಬುದು ಗಮನಾರ್ಹ. ಪಂಚಕಲ್ಯಾಣದ ಜನ್ಮಕಲ್ಯಾಣದಂದು ಐರಾವತದ ಸಂಕೇತವಾಗಿ ಆನೆಯನ್ನು ಮುಂದಿಟ್ಟುಕೊಂಡು ನಾವು ಬೀದಿಯಲ್ಲಿ ನಡೆಯುವಾಗ ಈ ಮಾತು ನೆನಪಿಗೆ ಬಂದರೆ ಸಂತೋಷ.

ಇನ್ನು ಶಿವಮೊಗ್ಗೆಯ ಆಚರಣೆ. ಒಂಬತ್ತು ದಿನವೂ ಮನೆಗಳಲ್ಲಿ ಗೊಂಬೆ ಕೂರಿಸುವುದು, ಸಂಜೆ ಮಕ್ಕಳು ಗುಂಪಾಗಿ ಬೊಂಬೆ ನೋಡಲು ಹೋಗಿ ಚರಪಿಗೆ ಕೈಯೊಡ್ಡುವುದು ಹಳೆಯ ಬೀದಿಗಳಲ್ಲಿ ಪೂರ್ಣವಾಗಿ ಮರೆಯಾಗಿಲ್ಲ. ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಯಿಂದ ಲಾರಿಯ ಗಾಲಿಯವರೆಗೆ ಎಲ್ಲಕ್ಕೂ ಅರಿಸಿನ ಕುಂಕುಮ, ಸೇವಂತಿಗೆ, ಕುಂಬಳಕಾಯಿ. ನೆರೆಯ ಭದ್ರಾವತಿ 1923ರಿಂದ ಕಬ್ಬಿಣ ಕರಗಿಸಿದ ಊರು. ಆ ಕುಲುಮೆಗಳಿಗೆ ಬೇಕಾದ ಇದ್ದಲಿನ ಸೌದೆ ಈ ಮಲೆನಾಡಿನ ಕಾಡುಗಳಿಂದಲೇ ಹೋಗುತ್ತಿತ್ತು. ಕಾಡಿನಲ್ಲಿ ದಿಮ್ಮಿ ಎಳೆಯುವುದು ಇಲಾಖೆಯ ಆನೆಗಳ ನಿತ್ಯದ ದುಡಿಮೆಯಾಗಿದ್ದ ಕಾಲವದು. ಯಂತ್ರಗಳು ಬಂದು ಆ ಕೆಲಸ ನಿಂತ ಮೇಲೆ ಬಿಡಾರದ ಆನೆಗಳಿಗೆ ಉಳಿದದ್ದು ಎರಡೇ ಕಾಯಕ: ಊರಿಗೆ ನುಗ್ಗುವ ಕಾಡಾನೆಯನ್ನು ಹಿಡಿಯಲು ಕುಂಕಿಯಾಗಿ ಹೋಗುವುದು ಮತ್ತು ಉತ್ಸವದಲ್ಲಿ ನಡೆಯುವುದು.

ವಿಜಯದಶಮಿಗೆ ಮುನ್ನ ಆನೆಗಳು ನಗರಕ್ಕೆ ಬರುತ್ತವೆ. ಜನದ ಗದ್ದಲ, ವಾಹನಗಳ ಸದ್ದು ಇವಕ್ಕೆ ಒಗ್ಗಿಸಲು ಬೀದಿಗಳಲ್ಲಿ ತಾಲೀಮು ನಡೆಯುತ್ತದೆ. ಶಾಲೆಯ ಮಕ್ಕಳು ಪುಸ್ತಕದ ಚೀಲವನ್ನು ಮರೆತು ಹಿಂದೆ ಓಡುತ್ತಾರೆ. ದಶಮಿಯಂದು ಮಧ್ಯಾಹ್ನ ಹಣೆಗೂ ಸೊಂಡಿಲಿಗೂ ಬಣ್ಣದ ಚಿತ್ತಾರ ಬರೆದು, ಜೂಲು ಹೊದಿಸಿ, ಬೆಳ್ಳಿಯ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನಿರಿಸಿ ಪುಷ್ಪಾರ್ಚನೆ ಮಾಡುತ್ತಾರೆ. ಸಾಗರನೆಂಬ ಗಂಡಾನೆ ಹಲವು ವರ್ಷ ಈ ಭಾರವನ್ನು ಹೊತ್ತಿದ್ದಾನೆ. ಬಿಡಾರದ ಮಾವುತರಲ್ಲಿ ಅನೇಕರು ಮುಸ್ಲಿಂ ಮನೆತನಗಳವರು. ದೇವಿಯ ಆನೆಯನ್ನು ನಡೆಸುವ ವಿಷಯದಲ್ಲಿ ಇದನ್ನು ಊರು ಎಂದೂ ವಿಶೇಷವೆಂದು ಎಣಿಸಿದಂತಿಲ್ಲ. ಅಂಬಾರಿಯ ಹಿಂದೆ ಬೇರೆ ಬೇರೆ ಬಡಾವಣೆಗಳ ದೇವಾಲಯಗಳಿಂದ ಹೊರಟ ಉತ್ಸವಮೂರ್ತಿಗಳು ಹೂವಿನ ವಾಹನಗಳಲ್ಲಿ ಸಾಲುಗೂಡುತ್ತವೆ. ಡೊಳ್ಳು, ವೀರಗಾಸೆ, ನಾದಸ್ವರಗಳ ನಡುವೆ ಗಾಂಧಿಬಜಾರಿನ ಇಕ್ಕೆಲದ ಮಹಡಿಗಳಿಂದ ಹೂ ಬೀಳುತ್ತದೆ. ನನ್ನ ಮಟ್ಟಿಗೆ ಈ ಉತ್ಸವದ ನಿಜವಾದ ಸೊಗಸಿರುವುದು ಅಂಬಾರಿಯಲ್ಲಲ್ಲ, ಈ ದೇವರುಗಳ ಸಾಲಿನಲ್ಲಿ. ವರ್ಷವಿಡೀ ತಮ್ಮ ತಮ್ಮ ಗುಡಿಗಳಲ್ಲಿರುವ ದೇವರುಗಳು ಒಂದು ಸಂಜೆ ಒಂದೇ ಬೀದಿಯಲ್ಲಿ ಹಿಂದುಮುಂದಾಗಿ ನಡೆಯುತ್ತಾರೆ. ಕಡೆಗೆ ಹಳೆಯ ಕಾರಾಗೃಹದ ಮೈದಾನದಲ್ಲಿ ತಹಶೀಲ್ದಾರರು ಸಾಂಪ್ರದಾಯಿಕ ಉಡುಪಿನಲ್ಲಿ ಬನ್ನಿಪೂಜೆ ನೆರವೇರಿಸಿ ಅಂಬು ಛೇದಿಸುತ್ತಾರೆ. ಅರಸನ ಕೆಲಸವನ್ನು ಅಧಿಕಾರಿಯು ಮಾಡುವುದು ನೋಡಲು ತುಸು ವಿನೋದವೆನಿಸಿದರೂ, ಇತಿಹಾಸದ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಇದೇ ನವರಾತ್ರಿಯ ಎಂಟನೆಯ ದಿನ ನಮ್ಮ ಮನೆಗಳಲ್ಲಿ ಜೀವದಯಾಷ್ಟಮಿ. ಹೊಂಬುಜದಲ್ಲಿ ಪದ್ಮಾವತಿ ದೇವಿಗೆ ಒಂಬತ್ತು ದಿನವೂ ವಿಶೇಷ ಪೂಜೆ ಸಲ್ಲುವ ಈ ದಿನಗಳಲ್ಲಿಯೇ, ಯಶೋಧರನ ಕಥೆಯನ್ನು ಓದುವ ನೋಂಪಿಯೂ ಬರುತ್ತದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪದೋಷದಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುವರು. ಅದನ್ನು ಕೇಳಿದ ಮಾರಿದತ್ತನು ಬಲಿಯ ಕತ್ತಿಯನ್ನು ಬಿಡುವನು. ಊರೆಲ್ಲ ಆಯುಧವನ್ನು ಪೂಜಿಸುವ ಹಬ್ಬದ ನಡುವೆ ನಮ್ಮ ಹಿರಿಯರು ಈ ಕಥೆಯನ್ನು ಇರಿಸಿದರು. ಹಬ್ಬವನ್ನು ಅವರು ಬಹಿಷ್ಕರಿಸಲಿಲ್ಲ. ಅದರೊಳಗೇ ಇದ್ದು ತಮ್ಮ ಮಾತನ್ನು ಹೇಳಿದರು. ಪಾಯೆಸನು ಎಣಿಸಿದ ಸಾವಿರಾರು ಕುರಿಗಳು ಇಂದಿನ ಈ ಮೆರವಣಿಗೆಯಲ್ಲಿಲ್ಲ. ಅದರಿಂದ ದಸರೆ ಸಣ್ಣದಾಗಲಿಲ್ಲ.

ಹಾಗಾದರೆ ಆನೆ? ಇದು ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. 2023ರ ಅಕ್ಟೋಬರಿನಲ್ಲಿ ದಸರೆಗೆಂದು ಸಕ್ರೆಬೈಲಿನಿಂದ ಬಂದಿದ್ದ ನೇತ್ರಾವತಿ ಎಂಬ ಹೆಣ್ಣಾನೆ ಮೆರವಣಿಗೆಗೆ ಮುನ್ನ ನಗರದಲ್ಲಿಯೇ ಮರಿಹಾಕಿತು. ಊರು ಸಂಭ್ರಮಪಟ್ಟಿತು, ಆಮೇಲೆ ಯೋಚನೆಗೂ ಬಿದ್ದಿತು. ಪಾರ್ಶ್ವನಾಥ ಸ್ವಾಮಿಯ ಪೂರ್ವಭವಗಳಲ್ಲೊಂದು ವಜ್ರಘೋಷನೆಂಬ ಆನೆಯದು. ಅರವಿಂದ ಮುನಿಗಳಿಂದ ವ್ರತ ಪಡೆದ ಆ ಆನೆಯು ಒಣಗಿದ ಎಲೆಗಳನ್ನು ತಿಂದು, ಬೇರೆ ಆನೆಗಳು ಕಲಕಿದ ನೀರನ್ನು ಕುಡಿದು, ಸಣ್ಣ ಜೀವಕ್ಕೂ ನೋವಾಗದಂತೆ ಕಾಲಿಟ್ಟು ನಡೆಯಿತೆಂದು ಪುರಾಣ ಹೇಳುತ್ತದೆ. ಅಂಥ ಕಥೆಯನ್ನು ಕೇಳುತ್ತ ಬೆಳೆದವರು ಪಟಾಕಿಯ ಸದ್ದಿನ ಬೀದಿಯಲ್ಲಿ ಆನೆಯನ್ನು ಕಂಡಾಗ ಅದರ ಕಾಲುಗಳನ್ನೂ ನೋಡಬೇಕಾಗುತ್ತದೆ. ಕೇರಳದ ತೃಶೂರು ಜಿಲ್ಲೆಯ ದೇವಾಲಯವೊಂದು 2023ರಿಂದ ಯಂತ್ರದ ಆನೆಯನ್ನು ಉತ್ಸವಕ್ಕೆ ಬಳಸುತ್ತಿದೆ. ಮಲೆನಾಡಿಗೆ ಅದು ಒಪ್ಪುವುದೆಂದು ನಾನು ಹೇಳಲಾರೆ. ಮಾವುತನ ಮನೆಯವರಿಗೆ ಆನೆ ಮನೆಯ ಮಗುವಿದ್ದಂತೆ, ಮೆರವಣಿಗೆ ಅವರ ಗೌರವದ ದಿನ. ಆದರೆ ಅಂಬಾರಿಯನ್ನು ರಥಕ್ಕೇರಿಸಿ, ಆನೆಗಳನ್ನು ಭಾರವಿಲ್ಲದೆ ಸ್ವಲ್ಪ ದೂರ ಮಾತ್ರ ಮುಂದೆ ನಡೆಸಿದರೆ ದೇವಿಯ ಮಹಿಮೆಗೆ ಕುಂದೇನೂ ಬಾರದು. ಗರ್ಭಿಣಿಯನ್ನೂ ಮರಿಯಿರುವ ತಾಯಿಯನ್ನೂ ಕರೆತರಲೇಬಾರದು. ಪಟಾಕಿಯನ್ನಂತೂ ನಾಳೆಯೇ ಬಿಡಬಹುದು, ಅದಕ್ಕೆ ಯಾವ ಪರಂಪರೆಯ ಆಧಾರವೂ ಬೇಕಿಲ್ಲ. ನಗರದ ಸಮಾಜ ಬಾಂಧವರು ಉತ್ಸವದ ಸಭೆಗಳಿಗೆ ಹೋಗಿ ಇಷ್ಟನ್ನಾದರೂ ಕೇಳಬಹುದು. 1368ರಲ್ಲಿ ಅರಸನ ಮುಂದೆ ಹೋಗಿ ಕೇಳಿದವರ ವಂಶಸ್ಥರು ನಾವು.

ಬನ್ನಿ ಮುಡಿದ ಜನ ಒಬ್ಬರಿಗೊಬ್ಬರು ಎಲೆಯನ್ನಿತ್ತು, ಬಂಗಾರವೆಂದು ಹೇಳಿ, ಹಿರಿಯರ ಕಾಲಿಗೆ ನಮಸ್ಕರಿಸಿ ಮನೆಗಳಿಗೆ ತೆರಳುತ್ತಾರೆ. ಆನೆಗಳ ಮೈಮೇಲಿನ ಜೂಲನ್ನೂ ಗಂಟೆಗಳನ್ನೂ ಇಳಿಸುತ್ತಾರೆ. ಸಕ್ರೆಬೈಲಿಗೆ ಮರಳಿದ ಮೇಲೆ ಕಾವಾಡಿಗಳು ಅವುಗಳನ್ನು ಹೊಳೆಗೆ ಇಳಿಸಿ ಹಣೆಯ ಬಣ್ಣವನ್ನು ತಿಕ್ಕಿ ತೊಳೆಯುತ್ತಾರೆ. ಸ್ವಲ್ಪ ಹೊತ್ತು ತುಂಗೆಯ ನೀರು ಅಲ್ಲಿಷ್ಟು ಕೆಂಪಾಗಿ, ಇಲ್ಲಿಷ್ಟು ಹಳದಿಯಾಗಿ ಹರಿದು ತಿಳಿಯಾಗುತ್ತದೆ.