ಕೈಯಾಗ ಸೂಜಿ ಇದ್ರ ಯಾರೂ ಕೇಳಂಗಿಲ್ಲ

ಮಧ್ಯಾಹ್ನ ಊಟ ಮುಗಿದು, ಭಾಂಡೆ ತಿಕ್ಕಿಟ್ಟ ಮೇಲೆ, ಮಸ್ಕಿ ಕಡೆಯ ಹಳ್ಳಿಯೊಂದರ ಪಡಸಾಲೆಯಲ್ಲಿ ಏಳೆಂಟು ಹೆಣ್ಣುಮಕ್ಕಳು ಸೇರುತ್ತಾರೆ. ನಡುವೆ ಹಳೆ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡುಗಳು. ಒಬ್ಬೊಬ್ಬರು ಒಂದೊಂದು ಅಂಚು ಹಿಡಿದು ಸೂಜಿ ಹಾಕುತ್ತಾರೆ. ಹಾದಿಯಲ್ಲಿ ಹೋಗುವ ಹಿರಿಯರೊಬ್ಬರು ನಿಂತು ಕೇಳುತ್ತಾರೆ: "ಏನ್ ನಡಿಸೀರವಾ ಎಲ್ರೂ ಕೂಡಿ?"

"ಕೌದಿ ಹೊಲಿಯಾಕತ್ತೀವ್ರಿ ಮಾಮಾ."

ಅವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದೇ ಏಳೆಂಟು ಮಂದಿ ಬರಿಗೈಲಿ ಕೂತಿದ್ದರೆ ಮಾತು ಬೇರೆ ಇರುತ್ತಿತ್ತು. "ಮನಿ ಕೆಲಸ ಬಿಟ್ಟು ಎದಕ್ಕ ಸೇರೀರಿ?" ಎಂಬ ಪ್ರಶ್ನೆ ಬಂದೇ ಬರುತ್ತಿತ್ತು.

ಆ ಮಾಮಾ ಹೋದ ಮೇಲೆ ಅಲ್ಲಿ ಏನೆಲ್ಲ ಮಾತು ನಡೆಯುತ್ತದೆ ಅನ್ನೋದನ್ನ ನಾವು ಸಣ್ಣವರಿದ್ದಾಗ ಅವ್ವಂದಿರ ಪಕ್ಕದಲ್ಲಿ ಕೂತು ಕೇಳಿದ್ದೇವೆ. ಯಾರ ಮನೆಗೆ ರೇಷನ್ ಬಂದಿಲ್ಲ, ಯಾರ ಮಗಳನ್ನು ಶಾಲೆ ಬಿಡಿಸಿದರು, ಉದ್ಯೋಗ ಖಾತ್ರಿ ಕೂಲಿ ಯಾಕೆ ಜಮಾ ಆಗಿಲ್ಲ, ಊರಲ್ಲಿ ಸೆರೆ ಮಾರುವವನಿಗೆ ಯಾರ ಬೆಂಬಲ. ಗ್ರಾಮಸಭೆಯಲ್ಲಿ ಬಾಯಿ ಬಿಡದವರು ಕೌದಿಯ ಮುಂದೆ ಎಲ್ಲ ಹೇಳುತ್ತಾರೆ. ಕಣ್ಣು ಸೂಜಿಯ ಮೇಲೆ ಇರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಅದಕ್ಕೇ ಮಾತು ಸಲೀಸು.

ಇದು ರಾಜಕಾರಣವೋ ಅಲ್ಲವೋ? ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಾವು ನಾಲ್ಕೈದು ಗೆಳೆಯ ಗೆಳತಿಯರು ಈ ಪ್ರಶ್ನೆ ಹಿಡಿದು ಇತಿಹಾಸ ಓದಿದೆವು. ಕೂಡಿ ಕೂತು ಕೈಕೆಲಸ ಮಾಡುವುದನ್ನೇ ಚಳವಳಿ ಮಾಡಿಕೊಂಡ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ಸಿಕ್ಕಿತು.

ತಿಂಗಳಿಗೆ ಎರಡು ಸಾವಿರ ಗಜ

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು ಎಂದು ಶಾಲೆಯಲ್ಲಿ ಓದಿದ್ದೇವೆ. ಶಾಲೆಯಲ್ಲಿ ಹೇಳದ ಇನ್ನೊಂದು ಸಂಗತಿ ಇದೆ. ಅಲ್ಲಿಯವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಯಾರು ಬೇಕಾದರೂ ಕಾಂಗ್ರೆಸ್ ಸದಸ್ಯರಾಗಬಹುದಿತ್ತು. ಬೆಳಗಾವಿಯಲ್ಲಿ ಆ ಲೆಕ್ಕ ಬದಲಾಯಿತು. ಸದಸ್ಯನಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು. ಅಂದರೆ ಸುಮಾರು 1.8 ಕಿಲೋಮೀಟರ್ ಉದ್ದದ ದಾರ, ಪ್ರತಿ ತಿಂಗಳು.

ವಿಚಾರ ಮಾಡಿ. ವಕೀಲ, ಜಮೀನ್ದಾರ, ಡಾಕ್ಟರು, ಎಲ್ಲರೂ ಹಂಜಿ ಹಿಡಿದು ಕೂಡಬೇಕು. ನಮ್ಮ ಊರ ಮುದುಕಿಗೆ ಬರುವ ಕೆಲಸ ದೊಡ್ಡ ಬ್ಯಾರಿಸ್ಟರಿಗೆ ಬರೋದಿಲ್ಲ. ರಾಟೆಯ ಮುಂದೆ ಮುದುಕಿಯೇ ಗುರು. ಭಾಷಣದ ಸಭೆಯಲ್ಲಿ ಇಂಗ್ಲಿಷ್ ಬಲ್ಲವನಿಗೆ ಮೊದಲ ಸ್ಥಾನ; ನೂಲುವ ಸಭೆಯಲ್ಲಿ ದಾರ ಕಡಿಯದಂತೆ ಎಳೆಯುವವರಿಗೆ.

ಆ ಅಧಿವೇಶನದ ಹೊಣೆ ಹೊತ್ತವರು ಬೆಳಗಾವಿ ಜಿಲ್ಲೆ ಹುದಲಿ ಗ್ರಾಮದ ಗಂಗಾಧರರಾವ್ ದೇಶಪಾಂಡೆ. ಹುದಲಿ ಮುಂದೆ ಖಾದಿಯ ಊರೆಂದೇ ಹೆಸರಾಯಿತು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಭೆ ಅಲ್ಲೇ ನಡೆದು, ಗಾಂಧೀಜಿ ಬಂದು ಉಳಿದರು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಎಂಬ ವಿಧವೆ ಹೆಣ್ಣುಮಗಳು ಭಗಿನಿ ಮಂಡಳ ಕಟ್ಟಿ, ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗ ನಡೆಸಿದರು. ಬೆಳಗಾವಿ ಅಧಿವೇಶನಕ್ಕೆ ಮನೆಮನೆ ತಿರುಗಿ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. 1932ರಲ್ಲಿ ಅವರನ್ನು ಯರವಡಾ ಜೈಲಿಗೆ ಹಾಕಿದ ಸರ್ಕಾರ, ಭಗಿನಿ ಮಂಡಳವನ್ನೂ ಕಾನೂನುಬಾಹಿರ ಎಂದು ಘೋಷಿಸಿತು. ಹೆಂಗಸರು ಸೇರುವ ಮನೆಯೊಂದನ್ನು ಸರ್ಕಾರ ಸುಮ್ಮನೆ ಮುಚ್ಚುವುದಿಲ್ಲ. ಅಲ್ಲೇನು ತಯಾರಾಗುತ್ತಿದೆ ಎಂದು ಅದಕ್ಕೆ ಗೊತ್ತಿತ್ತು.

ಆದರೆ ಬೆಳಗಾವಿಯ ನಿಯಮಕ್ಕೆ ಒಂದು ತೂತು ಇತ್ತು. ನೂಲಲು ಮನಸ್ಸಿಲ್ಲದವರು ಬೇರೆಯವರಿಂದ ನೂಲಿಸಿ ಅಷ್ಟೇ ನೂಲು ಕೊಡಬಹುದಿತ್ತು. ಹೀಗಾಗಿ ದುಡ್ಡಿದ್ದವರಿಗೆ ನೂಲು ಕೊಂಡು ತಂದು ಲೆಕ್ಕ ಒಪ್ಪಿಸುವ ದಾರಿ ತೆರೆಯಿತು. ಒಂದು ವರ್ಷವೂ ತುಂಬಲಿಲ್ಲ, 1925ರ ಸೆಪ್ಟೆಂಬರ್‌ನಲ್ಲಿ ಪಟ್ನಾ ಸಭೆ ಆ ನಿಯಮ ಸಡಿಲಿಸಿತು: ನಾಲ್ಕಾಣೆಯಾದರೂ ಸರಿ, ಸ್ವಂತ ಕೈಯಿಂದ ತೆಗೆದ ನೂಲಾದರೂ ಸರಿ. ನೂಲಿನ ಕೆಲಸ ನೋಡಿಕೊಳ್ಳಲು ಅಖಿಲ ಭಾರತ ಚರಕಾ ಸಂಘ ಬೇರೆಯಾಗಿ ಹುಟ್ಟಿತು.

ಇಲ್ಲಿಂದ ನಾವು ಕಲಿತ ಪಾಠ ಇಷ್ಟು. ನೂಲನ್ನು ಅಂಗಡಿಯಿಂದ ತರಬಹುದು, ಕೂಡಿ ಕೂತ ಹೊತ್ತನ್ನು ತರಲಿಕ್ಕೆ ಬರುವುದಿಲ್ಲ. ಕೂಡುವುದು ಹೋಗಿ ಬರೀ ಲೆಕ್ಕ ಉಳಿದರೆ, ಎಷ್ಟು ಗಜ ನೂಲಿದ್ದರೂ ಅದರಲ್ಲಿ ಚಳವಳಿ ಇರುವುದಿಲ್ಲ.

ನಮ್ಮ ಕಡೆ ಸಭೆಗೂ ಪರವಾನಗಿ

ಬೆಳಗಾವಿ, ಹುಬ್ಬಳ್ಳಿ ಬ್ರಿಟಿಷರ ಕೈಯಲ್ಲಿದ್ದವು. ನಮ್ಮ ಭಾಗ ಹೈದರಾಬಾದ್ ನಿಜಾಮನ ಸಂಸ್ಥಾನ. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆಯಾಗಿತ್ತು. ಆಮೇಲೆ ರಾಯಚೂರಿನೊಳಗೆ ಸೇರಿತು. ಇಲ್ಲಿ ನಾಲ್ಕು ಜನ ಸೇರಿ ಸಾರ್ವಜನಿಕವಾಗಿ ಮಾತಾಡುವುದಕ್ಕೇ ಕಷ್ಟವಿತ್ತು. 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯ ಪ್ರಕಾರ ಸಭೆ ನಡೆಸಲು ಮೊದಲೇ ಅನುಮತಿ ತಗೋಬೇಕು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ಅದರ ಮೇಲೆ ನಿಷೇಧ ಬಿತ್ತು. ಅಕ್ಟೋಬರ್ 24ರಿಂದ ಸತ್ಯಾಗ್ರಹ ಶುರುವಾಗಿ ಜನ ಜೈಲು ತುಂಬಿದರು.

ರಾಜಕೀಯ ಸಭೆಗೆ ಬಾಗಿಲು ಹಾಕಿದಾಗ ಜನ ಬೇರೆ ನೆಪ ಹುಡುಕಿದರು. ವಾಚನಾಲಯ, ಗಣೇಶೋತ್ಸವ, ಕನ್ನಡದ ಪರಿಷತ್ತು, ಖಾಸಗಿ ಶಾಲೆ. ಪುಸ್ತಕ ಓದುವ ನೆಪದಲ್ಲಿ, ದೇವರ ನೆಪದಲ್ಲಿ, ಭಾಷೆಯ ನೆಪದಲ್ಲಿ ಸೇರಿದರು. ಮೈಮೇಲೆ ಖಾದಿ ಇದ್ದರೆ ಅದೇ ಒಂದು ಗುರುತು. 1948ರ ಸೆಪ್ಟೆಂಬರ್ 17ಕ್ಕೆ ನಮ್ಮ ನೆಲ ಬಿಡುಗಡೆಯಾಗುವ ಹೊತ್ತಿಗೆ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದ ಶಿಬಿರಗಳಲ್ಲಿ ಹೋರಾಡಿದವರ ಹೆಸರುಗಳು ಪುಸ್ತಕ ಸೇರಿದವು. ಆ ಶಿಬಿರಗಳಲ್ಲಿ ಅಲವಂಡಿ ಶಿವಮೂರ್ತಿಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಅವರಂಥವರಿದ್ದರು. ಅವರಿಗೆ ಬುತ್ತಿ ಕಟ್ಟಿದ, ಹೊದೆಯಲು ಕೊಟ್ಟ ಮನೆಗಳ ಹೆಂಗಸರ ಹೆಸರುಗಳು ಅಷ್ಟಾಗಿ ಯಾವ ಪುಸ್ತಕದಲ್ಲೂ ಇಲ್ಲ.

ಪೋತ್ನಾಳದ ಮಣ್ಣಿನ ಮಣಿ

ಇದೆಲ್ಲ ಹಳೆ ಕಾಲದ ಮಾತಾಯಿತು ಅನ್ನಬೇಡಿ. ಸಿಂಧನೂರಿನಿಂದ ಮಾನ್ವಿ ಕಡೆ ಬಸ್ಸಿನಲ್ಲಿ ಹೋದರೆ ಪೋತ್ನಾಳ ಸಿಗುತ್ತದೆ. ಅಲ್ಲಿ ಎರಡು ದಶಕಕ್ಕೂ ಹಿಂದೆ, ಹೊಲದ ಕೂಲಿಗೆ ಹೋಗುವ ದಲಿತ ಹೆಣ್ಣುಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡರು. ಅದರ ಜೊತೆಗೇ 'ಚಿಲಿಪಿಲಿ' ಎಂಬ ಕೈಕೆಲಸದ ಘಟಕ. ಮಣ್ಣು ಹದ ಮಾಡಿ, ಮಣಿ ಕಟ್ಟಿ, ಸುಟ್ಟು, ಸರ ಮತ್ತು ಓಲೆ ಮಾಡುತ್ತಾರೆ. ಬೇವಿನ ಗೊಬ್ಬರ, ಗಿಡಮೂಲಿಕೆ ಔಷಧಿಯನ್ನೂ ಮಾಡುತ್ತಾರೆ. ಅದೇ ಹೆಣ್ಣುಮಕ್ಕಳು ಕೂಲಿಗಾಗಿ, ಉದ್ಯೋಗ ಖಾತ್ರಿಗಾಗಿ, ಜಾತಿಯ ಮತ್ತು ಮನೆಯ ದೌರ್ಜನ್ಯದ ವಿರುದ್ಧ ಹೋರಾಡುತ್ತಾರೆ.

ಮಣಿ ಕಟ್ಟುವ ಕೈ ಬೇರೆ, ಧಿಕ್ಕಾರ ಕೂಗುವ ಬಾಯಿ ಬೇರೆ ಅಲ್ಲ. ಮಸ್ಕಿಯ ಗುಡ್ಡದ ಕೆಳಗೆ 1954ರಲ್ಲಿ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅಗೆಸಿದಾಗಲೂ ಸಾವಿರಾರು ವರ್ಷದ ಹಿಂದಿನ ಮಣಿಗಳು ಸಿಕ್ಕಿವೆ. ಅವನ್ನು ಮಾಡಿದವರು ಯಾರೋ, ಹೆಸರಿಲ್ಲ. ಪೋತ್ನಾಳದ ಮಣಿ ಮಾಡಿದವರಿಗೆ ಹೆಸರಿದೆ, ಸಂಘಟನೆ ಇದೆ. ಫರಕು ಅಷ್ಟೇ, ಆದರೆ ಅದು ಸಣ್ಣದಲ್ಲ.

ದೂರದ ದೇಶದ ಕೌದಿ

ಇನ್ನೊಂದು ಕಥೆ ಕೇಳಿದಾಗ ನಮಗೆ ನಮ್ಮ ಕೌದಿಯೇ ನೆನಪಾಯಿತು. ದಕ್ಷಿಣ ಅಮೆರಿಕದಲ್ಲಿ ಚಿಲಿ ಎಂಬ ದೇಶ. 1973ರ ಸೆಪ್ಟೆಂಬರ್ 11ರಂದು ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಜನರಲ್ ಪಿನೊಚೆ ಸರ್ವಾಧಿಕಾರಿಯಾದ. ಎಷ್ಟೋ ಮನೆಗಳ ಗಂಡಸರನ್ನು ಎತ್ತಿಕೊಂಡು ಹೋದರು, ಅವರು ಮರಳಲಿಲ್ಲ. ಅವರ ಅವ್ವಂದಿರು, ಹೆಂಡಂದಿರು ಚರ್ಚಿನ ಆಸರೆಯಲ್ಲಿ ಕೂಡಿ ಕೂತು ಬಟ್ಟೆಯ ಚೂರುಗಳನ್ನು ಹಚ್ಚಿ ಚಿತ್ರ ಹೊಲಿದರು. ಕಾಣೆಯಾದ ಮಗನ ಅಂಗಿಯ ತುಂಡನ್ನೂ ಅದರಲ್ಲಿ ಸೇರಿಸಿದರು. ಪೇಪರಿನಲ್ಲಿ ಬರೆಯಲಾಗದ ಸುದ್ದಿ ಆ ಬಟ್ಟೆಯ ಮೇಲೆ ಹೊರದೇಶಕ್ಕೆ ಹೋಯಿತು. ಅವುಗಳ ಹೆಸರು ಅರ್ಪಿಯೆರಾ. 1990ರಲ್ಲಿ ಸರ್ವಾಧಿಕಾರ ಮುಗಿಯಿತು. ಆ ಬಟ್ಟೆಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

ಸುದ್ದಿ ಬರೆಯುವುದನ್ನೇ ಕಲಿತ ನಮಗೆ ಈ ಕಥೆ ನಾಟಿತು. ನಾವೂ ಒಂದು ಕೌದಿ ಹೊಲಿಯೋಣ ಅಂದೆವು.

ನಮ್ಮ ಕೌದಿ

ಲಿಂಗಸುಗೂರು ಕಡೆಯ ಒಂದು ಹಳ್ಳಿಯಲ್ಲಿ, ನಮ್ಮೊಳಗೆ ಒಬ್ಬರ ಮನೆಯಲ್ಲಿ, ಪರಿಚಯದ ಹೆಣ್ಣುಮಕ್ಕಳನ್ನು ಕರೆದೆವು. ತಾಂಡಾದಿಂದ ಇಬ್ಬರು, ಕೇರಿಯಿಂದ ಮೂವರು, ಓಣಿಯಿಂದ ನಾಲ್ವರು. ಒಂದೇ ಷರತ್ತು: ಪ್ರತಿಯೊಬ್ಬರೂ ತಮ್ಮ ಮನೆಯ ಹಳೆ ಬಟ್ಟೆ ತರಬೇಕು.

ಮೊದಲ ದಿನ ಕೇರಿಯವರು ಹೊರಗೆ ಕಟ್ಟೆಯ ಮೇಲೇ ಕೂತರು. ಒಳಗೆ ಬರ್ರಿ ಅಂದರೂ ಬರಲಿಲ್ಲ. ಬಟ್ಟೆಯನ್ನು ಹೊಸ್ತಿಲ ಮೇಲೆ ಅಡ್ಡ ಹಾಸಿದೆವು. ಅರ್ಧ ಒಳಗೆ, ಅರ್ಧ ಹೊರಗೆ. ನಮ್ಮ ಓದು, ನಮ್ಮ ಲೇಖನಗಳು ಯಾವುದೂ ಆ ಹೊಸ್ತಿಲಿನ ಮುಂದೆ ಉಪಯೋಗಕ್ಕೆ ಬರಲಿಲ್ಲ. ನಾವು ತಲೆ ತಗ್ಗಿಸಿ ಹೊಲಿದೆವು.

ನಾವು ಹೊಲಿಗೆ ಹಾಕಿದ್ದು ಅಂಚಿನಿಂದ ಒಳಕ್ಕೆ. ಸುತ್ತು ಹಾಕುತ್ತ ನಡುವೆ ಬಂದಂತೆ ಕೂತವರು ಹತ್ತಿರ ಸರಿಯಲೇಬೇಕು. ನಾಲ್ಕನೇ ದಿನ ಕೈ ನಡುವಿಗೆ ನಿಲುಕದೆ ಕೇರಿಯ ಒಬ್ಬ ಅಕ್ಕ ಹೊಸ್ತಿಲು ದಾಟಿ ಬಂದು ಕೂತರು. ಯಾರೂ ಏನೂ ಅನ್ನಲಿಲ್ಲ. ಚಹಾ ಮಾತ್ರ ಅವತ್ತು ಎಲ್ಲರಿಗೂ ಒಂದೇ ಥರದ ಲೋಟದಲ್ಲಿ ಕೊಟ್ಟೆವು.

ಕೌದಿ ಮುಗಿದಾಗ ಮನೆಯ ಅಜ್ಜಿ ಕೇಳಿದರು: "ಛಲೋ ಆಗೇತಿ. ಆದ್ರ ಯಾರ್ ಹೊದ್ಕೊಳ್ಳೋರು ಇದನ್ನ?"

ಆ ಪ್ರಶ್ನೆಗೆ ನಾವು ತಯಾರಿರಲಿಲ್ಲ. ಎಲ್ಲರ ಮನೆ ಬಟ್ಟೆಯನ್ನು ಕೂಡಿಸಿ ಹೊಲಿಯುವುದು ಒಂದು ಮಾತು, ಅದನ್ನು ಹೊದ್ದು ಮಲಗುವುದು ಇನ್ನೊಂದು ಮಾತು. ಕಡೆಗೆ ಮನೆಮನೆಗೆ ಒಂದೊಂದು ವಾರ ಇಟ್ಟುಕೊಳ್ಳೋಣ ಅಂತ ತೀರ್ಮಾನವಾಯಿತು. ಎರಡು ಮನೆಯವರು ಇನ್ನೂ ಒಯ್ದಿಲ್ಲ. ಒಂದು ಮನೆಯಿಂದ ಕೌದಿ ವಾಪಸ್ ಬಂದಾಗ ಸಾಬೂನಿನ ವಾಸನೆ ಬರುತ್ತಿತ್ತು. ಹೊದೆಯುವ ಮುಂಚೆ ಒಗೆದಿದ್ದರು. ಯಾಕೆ ಅಂತ ಎಲ್ಲರಿಗೂ ತಿಳಿಯಿತು. ನಾವು ಸಿಟ್ಟಾದೆವು. ಹೊಸ್ತಿಲು ದಾಟಿ ಬಂದಿದ್ದ ಆ ಅಕ್ಕ ಮಾತ್ರ ಕೌದಿಯ ಮೇಲೆ ಕೈಯಾಡಿಸಿ ನೋಡಿ ಅಂದರು: "ಇರ್ಲಿ ಬಿಡ್ರಿ. ಒಗದ್ರ ಹೊಲಿಗಿ ಬಿಚ್ಚಿಲ್ಲಲ್ಲ."

ಮಸ್ಕಿಯ ಬಂಡೆಗಲ್ಲಿನ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡುಹಿಡಿದ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ತಿಳಿದದ್ದು ಈ ಕಲ್ಲಿನಿಂದ ಎಂದು ನಾವೆಲ್ಲ ಹೆಮ್ಮೆ ಪಡುತ್ತೇವೆ. ಆ ಕಲ್ಲು ಇನ್ನೊಂದು ಮಾತನ್ನೂ ಹೇಳುತ್ತದೆ. ಧರ್ಮದ ದಾರಿಯಲ್ಲಿ ನಡೆದರೆ ಸಣ್ಣವರೂ ಎತ್ತರಕ್ಕೆ ಏರಬಹುದು, ಅದು ದೊಡ್ಡವರಿಗಷ್ಟೇ ಸೇರಿದ್ದು ಎಂದು ತಿಳಿಯಬಾರದು. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಮಾತು ನಮ್ಮ ಊರಲ್ಲೇ ಕಲ್ಲಿನ ಮೇಲಿದೆ. ನಮ್ಮ ಮನೆಗಳ ಹೊಸ್ತಿಲಿಗೆ ಅದು ಇನ್ನೂ ಬಂದು ಮುಟ್ಟಿಲ್ಲ.

ಸುಗ್ಗಿ ಮುಗಿದ ಮೇಲೆ ಎರಡನೇ ಕೌದಿ ಶುರು ಮಾಡುತ್ತೇವೆ. ನೀವೂ ನಿಮ್ಮ ಊರಲ್ಲಿ ಮಾಡಬಹುದು. ಖರ್ಚು ಏನಿಲ್ಲ, ದಾರ ಮತ್ತು ಚಹಾಪುಡಿ ಸಾಕು. ಭಾಷಣ ಬೇಡ, ಬ್ಯಾನರ್ ಬೇಡ, ಫೋಟೋಕ್ಕೆ ಅವಸರ ಬೇಡ. ಕರೆಯುವಾಗ ಒಂದು ವಿಚಾರ ಮಾಡಿ: ನಿಮ್ಮ ಮನೆಗೆ ಇದುವರೆಗೆ ಯಾರು ಬಂದು ಕೂತಿಲ್ಲವೋ, ಅವರನ್ನು ಮೊದಲು ಕರೆಯಿರಿ. ಹಾದಿಯಲ್ಲಿ ಹೋಗುವವರು ಏನು ನಡೆದಿದೆ ಅಂತ ಕೇಳಿದರೆ, ಕೌದಿ ಹೊಲಿಯಾಕತ್ತೀವಿ ಅನ್ನಿ. ಅದು ಸುಳ್ಳೇನೂ ಅಲ್ಲ.