ಮಗನ ಕೋಣೆಯಲ್ಲಿ ಸತ್ಯಾಗ್ರಹ

ಹದಿಹರೆಯವೆಂದರೆ ಬಿರುಗಾಳಿ ಎಂಬ ಮಾತಿಗೆ ಶಾಸ್ತ್ರದ ಮುದ್ರೆ ಒತ್ತಿದವರು ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್. 1904ರ ಅವರ ಎರಡು ಸಂಪುಟಗಳ ‘ಅಡೋಲೆಸೆನ್ಸ್’ ಓದಿದರೆ, ಆ ವಯಸ್ಸಿನ ಸಿಟ್ಟು, ಎದುರುಮಾತು ಪ್ರಕೃತಿಯೇ ಕೊಟ್ಟದ್ದು. ಹೆತ್ತವರಿಗೆ ಇದು ಅನುಕೂಲದ ಸಿದ್ಧಾಂತ. ತಪ್ಪು ಯಾರದೂ ಅಲ್ಲ, ವಯಸ್ಸಿನದು! 1958ರಲ್ಲಿ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಇನ್ನೂ ಮುಂದೆ ಹೋಗಿ, ಗಲಾಟೆಯೇ ಮಾಡದ ಮಗುವಿನ ಬಗ್ಗೆ ಚಿಂತಿಸಬೇಕು ಎಂಬರ್ಥದ ಮಾತಾಡಿದರು.

ಆದರೆ ಇಂಥ ಮನೋವಿಶ್ಲೇಷಕರು ಹೆಚ್ಚಾಗಿ ಕಂಡದ್ದು ಚಿಕಿತ್ಸೆಗೆ ಬಂದ ಮಕ್ಕಳನ್ನು. ಷಿಕಾಗೊದ ಡೇನಿಯಲ್ ಆಫರ್ ಸಾಮಾನ್ಯ ಹೈಸ್ಕೂಲು ಹುಡುಗರನ್ನು ವರ್ಷಗಟ್ಟಲೆ ಗಮನಿಸಿ 1969ರಲ್ಲಿ ಪುಸ್ತಕ ತಂದಾಗ ಚಿತ್ರ ಬದಲಾಯಿತು. ಹೆಚ್ಚಿನವರು ಹೆತ್ತವರೊಂದಿಗೆ ಚೆನ್ನಾಗಿಯೇ ಇದ್ದರು, ಕಿರಿಕಿರಿಯೆಲ್ಲ ಸಣ್ಣಪುಟ್ಟದ್ದಕ್ಕೆ. ಆ ಸಣ್ಣದ್ದೇ ಏಕೆ ದೊಡ್ಡದಾಗುತ್ತದೆ ಎಂಬುದನ್ನು ಮುಂದೆ ಮನೋವಿಜ್ಞಾನಿ ಜುಡಿತ್ ಸ್ಮೆಟಾನಾ ಬಿಡಿಸಿದರು. ಚೆಲ್ಲಾಪಿಲ್ಲಿಯಾದ ಕೋಣೆ ಅಮ್ಮನಿಗೆ ಮನೆಯ ಶಿಸ್ತಿನ ಪ್ರಶ್ನೆ, ಮಗಳಿಗೆ ‘ಅದು ನನ್ನ ಕೋಣೆ’. ಇಬ್ಬರೂ ವಾದಿಸುತ್ತಿರುವುದು ಬೇರೆಬೇರೆ ವಿಷಯವನ್ನು.

ಇನ್ನು ಹೆತ್ತವರ ಕಡೆ ನೋಡಿದರೆ, ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ದರ್ಪದ, ಸಡಿಲ ಬಿಟ್ಟ, ಬಿಗಿಯನ್ನೂ ಪ್ರೀತಿಯನ್ನೂ ಬೆರೆಸಿದ ಪೋಷಣೆ ಎಂದು ಮಾಡಿದ ವಿಂಗಡಣೆ ಇವತ್ತಿಗೂ ಪಠ್ಯಗಳಲ್ಲಿದೆ. ನನಗೆ ಅದಕ್ಕಿಂತ ಹತ್ತಿರವೆನಿಸುವುದು ಆರೆಗನ್‌ನ ಜೆರಾಲ್ಡ್ ಪ್ಯಾಟರ್ಸನ್ ಕೆಲಸ. ಅವರ ತಂಡ ಮನೆಗಳಿಗೇ ಹೋಗಿ ಕೂತು, ಯಾರ ಮಾತಿಗೆ ಯಾರು ಏನು ಮಾಡಿದರೆಂದು ಬರೆದುಕೊಂಡಿತು. 1982ರಲ್ಲಿ ಅವರು ವಿವರಿಸಿದ ಸುಳಿ ನಮ್ಮೆಲ್ಲರ ಮನೆಯಲ್ಲೂ ಉಂಟು. ‘ಮೊಬೈಲ್ ಇಡು’ ಎನ್ನುತ್ತೇವೆ. ಮಗ ಕಿರುಚುತ್ತಾನೆ. ಸಾಕಪ್ಪಾ ಎಂದು ಸುಮ್ಮನಾಗುತ್ತೇವೆ. ಕಿರುಚಿದರೆ ಗೆಲ್ಲಬಹುದೆಂದು ಅವನು ಕಲಿತ. ಮರುದಿನ ನಾವು ಇನ್ನೂ ಜೋರಾಗಿ ಕೂಗುತ್ತೇವೆ, ಅವನು ಇಡುತ್ತಾನೆ. ಈಗ ಕಲಿತವರು ನಾವು. ಹುಡುಗನ ಮೇಲಷ್ಟೇ ಇದ್ದ ಶಾಸ್ತ್ರದ ಕಣ್ಣು ದೊಡ್ಡವರತ್ತಲೂ ಹೊರಳಿತು.

ಹಾಗಾದರೆ ಕಾವಲು ಬಿಗಿ ಮಾಡಿದರೆ ಸಾಕೇ? 2000ದಲ್ಲಿ ಸ್ವೀಡನ್ನಿನ ಮಕ್ಕಳನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಸ್ಟಾಟಿನ್ ಮತ್ತು ಕೆರ್ ಆ ನಂಬಿಕೆಯನ್ನೂ ಅಲ್ಲಾಡಿಸಿದರು. ಮಕ್ಕಳ ಬಗ್ಗೆ ಹೆತ್ತವರಿಗೆ ಗೊತ್ತಿರುವುದು ಬಹುಪಾಲು ಮಕ್ಕಳೇ ಬಾಯಿಬಿಟ್ಟು ಹೇಳಿದ್ದು, ಪತ್ತೇದಾರಿಕೆಯಿಂದ ಸಿಕ್ಕಿದ್ದಲ್ಲ.

ಕೂಗಲೂಬಾರದು, ಸೋಲಲೂಬಾರದು ಎಂಬ ಈ ಇಕ್ಕಟ್ಟಿಗೆ ಇಸ್ರೇಲಿನ ಮನೋವಿಜ್ಞಾನಿ ಹೈಮ್ ಓಮರ್ ದಾರಿ ಹುಡುಕಿದ್ದು ಗಾಂಧೀಜಿಯ ಅಹಿಂಸಾತ್ಮಕ ಪ್ರತಿರೋಧದಲ್ಲಿ. ಮನೆಯಲ್ಲಿ ಕೈಮಾಡುವಷ್ಟು ಕೆರಳಿದ ಮಕ್ಕಳಿಗಾಗಿ ರೂಪಿಸಿದ ಈ ವಿಧಾನದ ಅವರ ಪುಸ್ತಕ 2004ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕಬ್ಬಿಣ ಕಾದಾಗ ಬಡಿ ಎನ್ನುತ್ತೇವಲ್ಲ, ಓಮರ್ ಆರಿದ ಮೇಲೆ ಬಡಿ ಎನ್ನುತ್ತಾರೆ. ರಂಪವೆಲ್ಲ ಇಳಿದ ಮೇಲೊಂದು ದಿನ ಅಪ್ಪ–ಅಮ್ಮ ಮಗನ ಕೋಣೆಗೆ ಹೋಗಿ ಕೂರುತ್ತಾರೆ. ‘ನೀನು ಮಾಡಿದ್ದನ್ನು ನಾವು ಒಪ್ಪುವುದಿಲ್ಲ, ಪರಿಹಾರ ನೀನೇ ಹೇಳು, ಕಾಯುತ್ತೇವೆ’ ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಾರೆ. ಅವನು ಬೈದರೂ ತಿರುಗಿ ಬೈಯುವುದಿಲ್ಲ. ಅವನಿಂದ ಪರಿಹಾರವೇನೂ ಬಾರದಿದ್ದರೆ ಬೆದರಿಕೆ ಹಾಕದೆ ಎದ್ದು ಬರುತ್ತಾರೆ. ಗಾಂಧಿ ಹುಟ್ಟಿದ ನಾಡಿನ ಮನೆಗಳಿಗೆ ಈ ಪಾಠ ಟೆಲ್ ಅವೀವ್ ಸುತ್ತಿ ಬರಬೇಕಾಯಿತು ನೋಡಿ.

ಓಮರ್ ಇನ್ನೊಂದು ಸೇರಿಸುತ್ತಾರೆ: ಜಗಳವನ್ನು ಗುಟ್ಟಾಗಿಡಬೇಡಿ, ನೆಂಟರನ್ನೂ ಸ್ನೇಹಿತರನ್ನೂ ಬೆಂಬಲಕ್ಕೆ ಕರೆಯಿರಿ. ನಮ್ಮಲ್ಲಿ ಸೋದರಮಾವನೋ ಅಜ್ಜಿಯೋ ಮಾಡುತ್ತಿದ್ದ ಕೆಲಸವೇ ಅದು. ಈಗ ಮಾವ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಶುಭೋದಯ ಕಳಿಸಿಕೊಂಡಿದ್ದಾರೆ. ಮರ್ಯಾದೆಯ ಮಾತು ಸ್ವಲ್ಪ ಬದಿಗಿಟ್ಟು, ಅವರಿಗೊಂದು ಫೋನ್ ಮಾಡಿ.